ಅಳೆಯದೆ ಇಟ್ಟ ನಾಲ್ಕು ಚುಕ್ಕೆ

ಅತ್ತೆ ಒಲೆಯ ಮೇಲೆ ಹಾಲಿಟ್ಟು ಹಿಂದಿರುಗುವಷ್ಟರಲ್ಲಿ ಸೊಸೆ ರೆಗ್ಯುಲೇಟರ್ ತಿರುಗಿಸಿ ಆರಿಸಿಬಿಟ್ಟಿದ್ದಳು. ಬೆಳಗಿನಿಂದ ಇದು ಮೂರನೆಯ ಸಲ.

“ಏನೇ ಇದು, ಹಾಲು ಕಾಯೋಕೂ ಬಿಡಲ್ವಾ? ಮೂಗು ನಿಂದೋ, ಪೊಲೀಸ್ ನಾಯೀದೋ?”

“ವಾಸನೆ ಬಂದ ಹಾಗಾಯ್ತು ಅತ್ತೆ.”

ವಾಸನೆ ಬಂದಿರಲಿಲ್ಲ. ಒಲೆಯ ಹಿಂದೆ ಬಾಗಿ ನಿಂತ ರಬ್ಬರ್ ಪೈಪಿನ ಮೇಲೆ ಬಿಳಿಯ ಅಕ್ಷರದಲ್ಲಿ ಅಚ್ಚಾಗಿದ್ದ ತಾರೀಖು ಕಣ್ಣಿಗೆ ಬಿದ್ದಿತ್ತು. ಹದಿನೇಳು. ಮಧ್ಯಾಹ್ನ ತಯಾರಾದದ್ದು.

ಪೈಪು ಅವಳದೇ ಕಾರ್ಖಾನೆಯದು. ಕೆಲಸಗಾರರಿಗೆ ವರ್ಷಕ್ಕೊಂದು ಕೊಡುವ ರೂಢಿಯಿತ್ತು. ಶನಿವಾರ ಕೊಟ್ಟರು. ಭಾನುವಾರ ಅವಳೇ ಜೋಡಿಸಿದಳು. ಆಗ ತಾರೀಖು ನೋಡಿರಲಿಲ್ಲ.

ಅಲ್ಲಿ ಅವಳದು ಅಳೆಯುವ ಕೆಲಸ. ಗಂಟೆಗೊಮ್ಮೆ ಯಂತ್ರದಿಂದ ಐದು ತುಂಡು ತೆಗೆದು, ದಪ್ಪ ಅಳೆದು, ಸರಾಸರಿ ಹಾಕಿ, ಹಾಳೆಯ ಮೇಲೆ ಒಂದು ಚುಕ್ಕೆ ಇಡಬೇಕು. ಹಾಳೆಯ ನಡುವೆ ನೀಲಿ ಗೆರೆ, ಮೇಲೊಂದು ಕೆಳಗೊಂದು ಕೆಂಪು ಗೆರೆ. ಚುಕ್ಕೆ ಕೆಂಪು ದಾಟಿದರೆ ಯಂತ್ರ ನಿಲ್ಲಿಸಿ ಕಾರಣ ಹುಡುಕಬೇಕೆಂದು ಪುಸ್ತಕದಲ್ಲಿತ್ತು. ಕಾರ್ಖಾನೆಯಲ್ಲಿ ಹುಡುಕುತ್ತಿದ್ದುದು ಕಾರಣವನ್ನಲ್ಲ, ಹೆಸರನ್ನು. ಬಾಗಿಲ ಬಳಿಯ ಹಲಗೆಯಲ್ಲಿ ‘ಈ ವಾರ ತಪ್ಪಿದವರು’ ಎಂಬ ತಲೆಬರಹದ ಕೆಳಗೆ ಆ ಹೆಸರು ಏಳು ದಿನ ನಿಲ್ಲುತ್ತಿತ್ತು. ಊಟದ ಡಬ್ಬಿ ಹಿಡಿದು ಬರುವವರೆಲ್ಲ ಓದುತ್ತಿದ್ದರು. ಹಾಗಾಗಿ ಒಂದೆರಡು ವರ್ಷದಿಂದ ಚುಕ್ಕೆಗಳು ಕೆಂಪು ದಾಟುವುದನ್ನೇ ಬಿಟ್ಟಿದ್ದವು.

ಹದಿನೇಳರಂದು ಮಗಳಿಗೆ ಜ್ವರವೆಂದು ಶಾಲೆಯಿಂದ ಫೋನು ಬಂತು. ಯಂತ್ರ ನಡೆಸುವವನು ನಿಮಿಷ ತಪ್ಪದೆ ಚಹಾಕ್ಕೆ ಹೋಗುವ ಹಿರಿಯ. ಎಲ್ಲರಿಗೂ ಅವನು ಗಡಿಯಾರದಣ್ಣ. ನೀನು ಹೋಗಮ್ಮ, ನನ್ನ ಯಂತ್ರ ನನಗೆ ಗೊತ್ತು ಎಂದು ಕಳಿಸಿಕೊಟ್ಟ. ನಾಲ್ಕು ಗಂಟೆಗೆ ವಾಪಸು ಬಂದಾಗ ಹಾಳೆಯಲ್ಲಿ ನಾಲ್ಕು ಮನೆ ಖಾಲಿ. ನಿಂತ ನಿಲುವಿನಲ್ಲೇ ನಾಲ್ಕು ಚುಕ್ಕೆ ಇಟ್ಟಳು, ನೀಲಿ ಗೆರೆಗೆ ಒರಗಿದ ಹಾಗೆ. ಆ ಮಧ್ಯಾಹ್ನ ಒಂದು ಗಂಟೆಗೆ ಕರೆಂಟು ಹೋಗಿತ್ತೆಂದು ತಿಳಿದದ್ದು ಮರುದಿನ. ಕರೆಂಟು ಹೋಗಿ ಬಂದರೆ ಸ್ವಲ್ಪ ಹೊತ್ತು ಪೈಪು ತೆಳ್ಳಗೆ ಬರುತ್ತದೆ. ಅಲ್ಲಿ ಕಸ ಗುಡಿಸುವವರಿಗೂ ಅದು ಗೊತ್ತು.

ಮೊನ್ನೆ ಸೋಮವಾರ ಲೆಕ್ಕದ ಮೇಷ್ಟ್ರು ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಕಾಲೇಜಿನಿಂದ ನಿವೃತ್ತರಾಗಿ, ವಾರಕ್ಕೆರಡು ದಿನ ಗುಣಮಟ್ಟ ನೋಡಲು ಬರುತ್ತಿದ್ದವರು. ಅವರ ಬೆರಳು ಆ ನಾಲ್ಕರ ಮೇಲೆಯೇ ನಿಂತಿತು.

“ನಿಜವಾಗಿ ಅಳೆದದ್ದು ಸ್ವಲ್ಪ ಮೇಲೆ ಕೆಳಗೆ ಆಡುತ್ತೆ. ಇವು ಯಾಕೆ ಹೀಗೆ ಸಾಲಾಗಿ ಮಲಗಿವೆ?”

ಆ ದಿನ ಕರೆಂಟೇನಾದರೂ ಹೋಗಿತ್ತೇ ಎಂದೂ ಕೇಳಿದರು. ಇಲ್ಲ ಸಾರ್ ಎಂದ ಗಡಿಯಾರದಣ್ಣ. ಅವಳು ನೆಲ ನೋಡಿದಳು. ಆ ದಿನದ ಆರು ಸಾವಿರ ಪೈಪು ಗೋದಾಮಿನಲ್ಲಿತ್ತು. ಬುಧವಾರ ಹನ್ನೊಂದಕ್ಕೆ ಲಾರಿ.

ಇವತ್ತು ಬುಧವಾರ.

ಅವಳು ಪೈಪು ಕಳಚಿ ಚೀಲಕ್ಕೆ ಹಾಕಿಕೊಂಡಳು. ಮನೆಯಲ್ಲಿ ಮೂವರು, ಬರುವ ಸಂಬಳ ಒಂದೇ. ಪೈಪು ತೆಳ್ಳಗಿರಬಹುದೆಂದು ಅತ್ತೆಗೆ ಹೇಳಿದಳು. ಅತ್ತೆ ಹಾಲಿನ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು, “ಮಗೂಗೆ ಬ್ರೆಡ್ ಕೊಡ್ತೀನಿ, ನಡಿ” ಎಂದರು.

ಅಳತೆಯ ಮೇಜಿನ ಮೇಲೆ ಪೈಪು ಕತ್ತರಿಸುತ್ತಿದ್ದಾಗ ಗಡಿಯಾರದಣ್ಣ ಪಕ್ಕಕ್ಕೆ ಬಂದು ನಿಂತ.

“ಕರೆಂಟು ಹೋಗಿಲ್ಲ ಅಂದಿದೀನಿ. ನೀನು ಹೋಗಿತ್ತು ಅಂದ್ರೆ ನಾನೇನಾದೆ? ಅವತ್ತು ನಿನ್ನ ಮಗು ಅಂತ ತಾನೇ ನಾನು ಕಳಿಸಿದ್ದು?”

“ಹೌದಣ್ಣ. ಅದನ್ನ ಮರೆತಿಲ್ಲ.”

“ಮತ್ತೆ? ಉಂಡ ಮನೆಗೆ ಎರಡು ಬಗೀತೀಯಾ?”

ಅವಳು ತುಂಡನ್ನು ಮಾಪಕಕ್ಕೆ ಹಿಡಿದಳು. ಎರಡೂವರೆ ಮಿಲಿಮೀಟರ್ ಇರಬೇಕಾದ ದಪ್ಪ ಒಂದು ಮುಕ್ಕಾಲು ತೋರಿಸುತ್ತಿತ್ತು. ಕೆಳಗಿನ ಕೆಂಪು ಗೆರೆ ಇದ್ದದ್ದು ಎರಡೂಕಾಲಿಗೆ. ಇನ್ನೊಂದು ಕಡೆ ಅಳೆದಳು. ಅದೇ.

ತುಂಡನ್ನು ಮ್ಯಾನೇಜರ್ ಕೋಣೆಗೆ ಒಯ್ದು, ಲಾರಿ ತಡೆಯಲು ಕೇಳಿದಳು. ಅವರು ಕೆಟ್ಟವರಲ್ಲ. ಲಾರಿ ತಪ್ಪಿದರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ, ಎರಡನೆಯ ಪಾಳಿಯ ನಲವತ್ತು ಜನ ಮನೆಯಲ್ಲಿ ಕೂರಬೇಕಾಗುತ್ತದೆ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆಮೇಲೆ ತುಂಡನ್ನು ಬೆರಳುಗಳ ನಡುವೆ ಹೊರಳಿಸುತ್ತಾ ಹೇಳಿದರು:

“ಒಂದು ಪೈಪಿಂದ ಏನು ಹೇಳೋಕಾಗುತ್ತೆ? ಐದಾದ್ರೂ ಬೇಕು ಅಂತ ನೀವೇ ಹೇಳ್ತೀರಲ್ಲ.”

“ಅದಕ್ಕೇ ಸಾರ್, ಉಳಿದವನ್ನ ಅಳೆಯೋವರೆಗೆ ಲಾರಿ ನಿಲ್ಲಲಿ. ಆ ನಾಲ್ಕು ಚುಕ್ಕೆ ನಾನು ಅಳೆದಿಟ್ಟದ್ದಲ್ಲ.”

ಅವರು ಎದ್ದು ಬಾಗಿಲು ಮುಂದೆ ಮಾಡಿದರು.

“ಇದು ಇನ್ಯಾರಿಗೆ ಗೊತ್ತು?”

“ನಮ್ಮತ್ತೆಗೆ. ಇವತ್ತು ಮನೇಲಿ ಒಲೆ ಹಚ್ಚಿಲ್ಲ.” ಆಮೇಲೆ ಸೇರಿಸಿದಳು: “ಶನಿವಾರ ನೀವೂ ಒಂದು ತಗೊಂಡು ಹೋದ್ರಿ, ಸಾರ್.”

ಹನ್ನೊಂದಕ್ಕೆ ಹತ್ತು ನಿಮಿಷ. ಹೊರಗೆ ಲಾರಿ ಹಿಂದಕ್ಕೆ ಬರುವ ಪೀಪಿ ಕೇಳಿಸುತ್ತಿತ್ತು. ಮ್ಯಾನೇಜರ್ ಫೋನು ತೆಗೆದು ಮನೆಗೆ ಹಚ್ಚಿದರು.

“ಒಲೆ ಹಿಂದೆ ಪೈಪ್ ಮೇಲೆ ಏನೋ ಬರ್ದಿರುತ್ತೆ, ಓದು... ಹದಿನೇಳಾ?” ಅವರ ದನಿ ತಗ್ಗಿತು. “ಒಲೆ ಆರಿಸು. ರೆಗ್ಯುಲೇಟರೂ. ಯಾಕೆ ಅಂತ ಆಮೇಲೆ ಹೇಳ್ತೀನಿ.”

ಲಾರಿ ಖಾಲಿ ನಿಂತಿತು. ಕೊಟ್ಟ ಪೈಪುಗಳನ್ನೆಲ್ಲ ಸಂಜೆಯೊಳಗೆ ವಾಪಸು ತರಲು ಹೇಳಿಕಳಿಸಿದರು. ಅವಳು ಆ ನಾಲ್ಕು ಚುಕ್ಕೆಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಅಳೆದಿಲ್ಲ’ ಎಂದು ಬರೆದು ಸಹಿ ಹಾಕಿದಳು. ಗುರುವಾರ ಹಲಗೆಯಲ್ಲಿ ಅವಳ ಹೆಸರೊಂದೇ ಇತ್ತು. ಕೆಲಸ ಉಳಿಯುವುದೋ ಇಲ್ಲವೋ, ಯಾರೂ ಹೇಳಲಿಲ್ಲ. ಗಡಿಯಾರದಣ್ಣ ಮಾತು ಬಿಟ್ಟಿದ್ದ.

ಶುಕ್ರವಾರ ಮೂರಕ್ಕೆ ಐದು ನಿಮಿಷವಿದ್ದಾಗ ಕರೆಂಟು ಹೋಯಿತು, ಮತ್ತೆ ಬಂತು. ಮೂರು ಅವನ ಚಹಾದ ಹೊತ್ತು. ಅವನು ಚಹಾಕ್ಕೆ ಹೋಗಲಿಲ್ಲ. ಇನ್ನೂ ಬಿಸಿಯಾಗಿದ್ದ ಐದು ತುಂಡು ತಂದು ಅವಳ ಮೇಜಿನ ಮೇಲಿಟ್ಟ. ಅವಳು ಅಳೆಯುವವರೆಗೂ ಅಲ್ಲೇ ನಿಂತಿದ್ದ. ಚುಕ್ಕೆ ಕೆಂಪು ಗೆರೆಯ ಕೆಳಗೆ ಬಂತು. ಅವಳು ಪೆನ್ನೆತ್ತಿ ಅವನ ಮುಖ ನೋಡಿದಳು.

“ಬರ್ಕೊಳಮ್ಮ,” ಎಂದ ಅವನು. “ಹಲಗೇಲಿ ನಿನ್ನ ಹೆಸರಿನ ಕೆಳಗೆ ಬೇಕಾದಷ್ಟು ಜಾಗ ಇದೆ.”