ಚರಂಡಿ ಪಕ್ಕದ ಸೈಕಲ್ಲು

"ವಿಮೆ ಮಾಡಿದ್ದು ಸೈಕಲ್ಲಿಗೆ ಕಣೇ, ನಿನ್ನ ದಡ್ಡತನಕ್ಕಲ್ಲ," ಎಂದು ಮ್ಯಾನೇಜರು ಎರಡೂ ಕಾಲು ಮೇಲೆತ್ತಿ ಹಿಡಿದ. ಅವನ ಕುರ್ಚಿಯ ಅಡಿಗೆ ಅವಳು ಒದ್ದೆಬಟ್ಟೆ ಎಳೆಯುತ್ತಿದ್ದಳು. "ಬೇಗ ಒರೆಸು, ಕಾಲು ನೋಯ್ತಿದೆ."

ಆ ವಿಮೆ ಆಫೀಸಿನಲ್ಲಿ ಎಲ್ಲರೂ ಅವಳನ್ನು ಬಕೆಟ್ಟು ಎಂದೇ ಕರೆಯುತ್ತಿದ್ದರು. ಐದು ವರ್ಷದಿಂದ ನೆಲ ಒರೆಸಿ ಕಕ್ಕಸು ತೊಳೆದರೂ, ಅವಳಿಗೊಂದು ಹೆಸರಿರಬಹುದು ಎಂಬ ಅನುಮಾನ ಅಲ್ಲಿ ಯಾರಿಗೂ ಬಂದಿರಲಿಲ್ಲ.

ನಿನ್ನೆ ಅವಳು ಅದೇ ಕಕ್ಕಸು ತೊಳೆಯುತ್ತಿದ್ದಾಗ ಆಫೀಸಿನ ಹಿಂದಿನಿಂದ ಅವಳ ಸೈಕಲ್ಲು ಕಳುವಾಗಿತ್ತು. ಮಗಳ ಒಂದು ಕಾಲಿನಲ್ಲಿ ಬಲವಿಲ್ಲ. ಕ್ಯಾರಿಯರಿಗೆ ಹಳೇ ಟವೆಲು ಮಡಿಸಿ ಕಟ್ಟಿ, ಅದರ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು, ಅಲ್ಲಿಂದ ಕೆಲಸಕ್ಕೆ ಬರುತ್ತಿದ್ದಳು. ಇವತ್ತು ಆ ಮಗು ಯೂನಿಫಾರ್ಮು ತೊಟ್ಟು, ತಲೆ ಬಾಚಿಸಿಕೊಂಡು, ಬೆನ್ನಿಗೆ ಚೀಲ ಹಾಕಿಕೊಂಡು ಮನೆಯಲ್ಲೇ ಕೂತಿತ್ತು. ಚೀಲ ತೆಗಿ ಅಂದರೂ ತೆಗೆದಿರಲಿಲ್ಲ.

ಕಳೆದ ವರ್ಷದ ಕೊನೆಗೆ ಮ್ಯಾನೇಜರಿಗೆ ಗುರಿ ಮುಟ್ಟಲು ಒಂದೇ ಒಂದು ಪಾಲಿಸಿ ಕಡಿಮೆ ಬಿದ್ದಿತ್ತು. ಆಗ ಅವನ ಬಾಯಲ್ಲಿ ಬೆಣ್ಣೆ. "ಮನೇಲಿರ್ಲಿ, ಹೊರಗಿರ್ಲಿ, ಕಳುವಾದ್ರೆ ಹೊಸಾ ಸೈಕಲ್ಲು ಕಣಮ್ಮ." ಅವತ್ತೊಂದು ದಿನ ಅವಳು ಅಮ್ಮ ಆಗಿದ್ದಳು.

"ಹೊರಗೆ ಕಳುವಾದ್ರೆ, ಅಲುಗಾಡದ ವಸ್ತುವಿಗೆ ಸೇರಿಸಿ ಬೀಗ ಹಾಕಿರ್ಬೇಕು. ಕಂಬವೋ, ಕಂಬಿಯೋ. ಹಾಕಿದ್ಯಾ?" ಎಂದು ಈಗ ಅವನೇ ಕೇಳಿದ.

"ಮುಂದಿನ ಕಂಬಿಗೇ ಹಾಕ್ತಿದ್ದೆ ಸಾರ್. ನೀವೇ ತೆಗೆಸಿದ್ರಿ. ಗಿರಾಕಿಗಳು ಬರೋ ಬಾಗ್ಲಲ್ಲಿ ಈ ಗುಜರಿ ಯಾಕೆ, ಹಿಂದೆ ಚರಂಡಿ ಪಕ್ಕ ಬಿಸಾಕು ಅಂದ್ರಿ. ಅಲ್ಲಿ ಬೋಳು ಗೋಡೆ ಬಿಟ್ರೆ ಏನಿದೆ? ಚಕ್ರಕ್ಕೆ ಬೀಗ ಹಾಕಿದ್ದೆ. ಯಾವನೋ ಕಳ್ಳ ಬೋಳಿಮಗ ಹಂಗೇ ಎತ್ಕೊಂಡು ಹೋಗಿದಾನೆ."

"ನಾನು ಹಂಗಂದೆ ಅನ್ನೋಕೆ ಸಾಕ್ಷಿ ಯಾರು?"

ಅವಳು ಪಕ್ಕದ ಮೇಜಿನ ಗುಮಾಸ್ತನ ಕಡೆ ನೋಡಿದಳು. ಅವತ್ತು ಆ ಮಾತಿಗೆ ಹಲ್ಲು ಕಿರಿದವನು ಅವನೇ. ಈಗ ಗುಂಡುಪಿನ್ನುಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬುತ್ತಿದ್ದ. ಭಾರಿ ಜವಾಬ್ದಾರಿಯ ಕೆಲಸ, ತಲೆ ಎತ್ತಲು ಪುರುಸೊತ್ತಿಲ್ಲ.

"ಹೋಗ್ಲಿ, ಮನೇಲಿ ಕಳುವಾಯ್ತು ಅಂತ ಬರೆಯೋಣ ಅಂದ್ರೆ, ಬಾಗಿಲಿನ ಬೀಗ ಒಡೆದಿರ್ಬೇಕು. ಯಾವ ಬೀಗ ಇದೆ ನಿನ್ನ ಮನೆಗೆ?" ಎಂದ ಮ್ಯಾನೇಜರು.

"ಬಾಗ್ಲೇ ಇಲ್ಲ ಸಾರ್. ತಗಡು ಅಡ್ಡ ಇಡ್ತೀವಿ."

ಗುಮಾಸ್ತನಿಗೆ ಈಗ ಪುರುಸೊತ್ತಾಯಿತು. "ಬಾಗ್ಲಿಲ್ದೋಳು ವಿಮೆ ತಗೊಂಡಿದಾಳೆ ಸಾರ್," ಎಂದು ಕಿಸಿದ.

"ನಾನೆಲ್ಲಿ ತಗೊಂಡೆ ಕಣಪ್ಪ? ನಿಮ್ಮ ಸಾಹೇಬ್ರು ಕುತ್ತಿಗೆಗೆ ಕಟ್ಟಿದ್ದು."

ಮ್ಯಾನೇಜರು ಕಾಲನ್ನು ಒದ್ದೆ ನೆಲಕ್ಕೇ ಊರಿದ. ಆಗಷ್ಟೇ ಒರೆಸಿದ ಜಾಗದಲ್ಲಿ ಎರಡು ಬೂಟಿನ ಗುರುತು ಮೂಡಿದವು. "ಬಾಯಿ ಜಾಸ್ತಿಯಾಯ್ತು ಮುಂಡೇದಕ್ಕೆ. ಇದರ ಮೇಲೆ ಹೆಬ್ಬೆಟ್ಟು ಒತ್ತು, ಮುಗೀತು," ಎಂದು ಒಂದು ಹಾಳೆ ತಳ್ಳಿದ.

ಅವಳು ಕೈ ಒರೆಸಿಕೊಂಡು ಹಾಳೆ ಎತ್ತಿಕೊಂಡಳು. "ಸದರಿ ಸೈಕಲ್ಲು ಕಚೇರಿಯ ಆವರಣದಲ್ಲಿ ಇರಲೇ ಇಲ್ಲ. ನನ್ನ ಅಜಾಗರೂಕತೆಯಿಂದ ಬೇರೆಲ್ಲೋ ಕಳೆದುಕೊಂಡಿರುತ್ತೇನೆ." ಏಳನೇ ಕ್ಲಾಸಿನವರೆಗೆ ಓದಿದವಳು ಅವಳು. ಅದನ್ನೂ ಅಲ್ಲಿ ಯಾರೂ ಕೇಳಿರಲಿಲ್ಲ.

"ಇದು ಸುಳ್ಳಲ್ವಾ ಸಾರ್?"

ಮ್ಯಾನೇಜರನ ಕಿವಿ ಕೆಂಪಾಯಿತು. "ಓದೋಕೆ ಬರುತ್ತಾ ನಿಂಗೆ? ವಿಮೆ ಆಫೀಸಿಂದ್ಲೇ ಕಳುವಾಯ್ತು ಅಂತ ಮೇಲಿನೋರಿಗೆ ಗೊತ್ತಾದ್ರೆ ನನ್ನ ಮಾನ ಏನಾಗ್ಬೇಕು? ಒತ್ತು. ಇಲ್ಲಾಂದ್ರೆ ನಾಳೆಯಿಂದ ನಿನ್ನ ಜಾಗಕ್ಕೆ ಇನ್ನೊಬ್ಳು ಬರ್ತಾಳೆ."

"ಮಾನಕ್ಕೂ ಒಂದು ವಿಮೆ ಮಾಡಿಸ್ಕೊಳ್ಳಿ ಸಾರ್," ಎಂದು ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು. "ಕಟ್ಟಿ ಹಾಕೋಕೆ ಕಂಬಿ ಇದ್ರೆ."

ಅಷ್ಟರಲ್ಲಿ ಹತ್ತು ಹೊಡೆಯಿತು. ಕಾವಲುಗಾರ ಮುಂಬಾಗಿಲು ತೆರೆದ. ಏಳೆಂಟು ಮಂದಿ ಒಳಗೆ ಬಂದು ಗೋಡೆ ಪಕ್ಕದ ಕುರ್ಚಿಗಳಲ್ಲಿ ಕೂತರು. ಮ್ಯಾನೇಜರು ಮುಖಕ್ಕೆ ನಗು ಹಚ್ಚಿಕೊಂಡ.

ಅವಳು ಬಕೆಟ್ಟನ್ನು ಅವನ ಕೋಣೆಯ ನಡುವೆಯೇ ಬಿಟ್ಟು, ತನ್ನ ಚೀಲದಿಂದ ಪಾಲಿಸಿ ಪತ್ರ ತೆಗೆದುಕೊಂಡು ಗಿರಾಕಿಗಳು ಕೂತಿದ್ದ ಕಡೆಗೆ ಬಂದಳು. ಸಾಲಿನ ನಡುವೆ ಒಂದು ಕುರ್ಚಿ ಖಾಲಿ ಇತ್ತು. ಐದು ವರ್ಷದಿಂದ ದಿನಾ ಧೂಳು ಹೊಡೆದ ಕುರ್ಚಿ. ಅದರಲ್ಲಿ ಬೆನ್ನು ಆನಿಸಿ ಕೂತು, ಪತ್ರದ ಸಾಲಿನ ಮೇಲೆ ಬೆರಳಿಟ್ಟು, ಶಾಲೆಯಲ್ಲಿ ಓದುತ್ತಿದ್ದ ಹಾಗೆ ಗಟ್ಟಿಯಾಗಿ ಓದತೊಡಗಿದಳು.

"ಸ್ಥಿರವಾದ... ವಸ್ತುವಿಗೆ... ಬಂಧಿಸಿ ಇಡದಿದ್ದ ಪಕ್ಷದಲ್ಲಿ... ಪರಿಹಾರ... ದೊರೆಯತಕ್ಕದ್ದಲ್ಲ. ಅಂದ್ರೆ, ಕಂಬಿಗೆ ಕಟ್ಟಿಲ್ದಿದ್ರೆ ಒಂದು ಕಾಸೂ ಕೊಡಲ್ಲ. ಇವರು ಕಂಬಿಗೆ ಕಟ್ಟೋಕೂ ಬಿಡಲ್ಲ. ನನ್ನ ಸೈಕಲ್ಲು ನಿನ್ನೆ ಈ ಗೋಡೆ ಹಿಂದೇನೇ ಹೋಯ್ತು."

"ಏಯ್, ಎಬ್ಬಿಸೋ ಅವಳನ್ನ," ಎಂದು ಗುಮಾಸ್ತ ಕಾವಲುಗಾರನಿಗೆ ಕೈ ಮಾಡಿದ. ಕಾವಲುಗಾರ ಬಂದು ಅವಳ ಪಕ್ಕ ನಿಂತ. ಅವಳು ಆಗಲೇ ಮುಂದಿನ ವಾಕ್ಯ ಓದತೊಡಗಿದ್ದಳು, ಅದು ಮುಗಿಯಲಿ ಎಂದು ಅವನು ಕಾದ. ಅದು ಉದ್ದದ ವಾಕ್ಯ.

ಅರ್ಜಿ ಅರ್ಧ ತುಂಬಿಸಿದ್ದ ಒಬ್ಬ ಮುದುಕ ಪೆನ್ನಿನ ಮುಚ್ಚಳ ಹಾಕಿದ. "ಆ ಕಂಬಿ ವಿಷಯ ಇನ್ನೊಂದ್ಸಲ ಓದವ್ವ," ಎಂದ.

ಅವಳು ಬೆರಳನ್ನು ಮೇಲಿನ ಸಾಲಿಗೆ ಸರಿಸಿದಳು.