ಅಕ್ಕ ಕಳಿಸಿದ ಗೊಬ್ಬರ

ಊರಂಚಿನಲ್ಲಿ ಹಸು ಸಾಕಿಕೊಂಡಿದ್ದ ಅಕ್ಕ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಮನುಷ್ಯರನ್ನಲ್ಲ, ಮಣ್ಣನ್ನು. ಬಾಗಿಲಲ್ಲಿ ಹೂಕುಂಡ ಕಂಡರೆ ಸಾಕು, ಬೆರಳು ತೂರಿಸಿ, ಮೂಸಿ, ಮುಖ ಸಿಂಡರಿಸುವಳು. ಆಮೇಲೆ ಯಾರನ್ನೂ ಕೇಳದೆ ಸೀದಾ ಅಡುಗೆಮನೆಗೆ ನಡೆದು, ತರಕಾರಿ ಸಿಪ್ಪೆ ತಂದು ಕುಂಡಕ್ಕೆ ಸುರಿದು ಕೈ ಕೊಡವಿಕೊಳ್ಳುವಳು. ಮದುವೆಯಾಗಿರಲಿಲ್ಲ. ಹಾಲು ಮಾರಿ ತಾನೂ ಬದುಕಿ, ತಂಗಿಯನ್ನೂ ಓದಿಸಿ ಮದುವೆ ಮಾಡಿದ್ದಳು. ತಂಗಿಯ ಗಂಡ ಲಾರಿ ಡ್ರೈವರ್, ಬಾಯಿ ತೆರೆದರೆ ತಮಾಷೆ. ಅತ್ತಿಗೆಗೆ ‘ಸಗಣಿ ಡಾಕ್ಟರ್’ ಎಂದು ಬಿರುದು ಕೊಟ್ಟವನು ಅವನೇ. ಅಕ್ಕ ಮೇಲೆ ಮೇಲೆ ಗದರಿದರೂ ಆ ಹೆಸರು ಅವಳಿಗೆ ಒಳಗೊಳಗೇ ಹಿಡಿಸಿತ್ತು.

ತಂಗಿಯದು ಊರಿನ ಇನ್ನೊಂದು ಮಗ್ಗುಲಲ್ಲಿ ತರಕಾರಿ ತೋಟ. ಟೊಮೇಟೊ, ಹುರುಳಿಕಾಯಿ, ಬದನೆ, ಬೇಲಿಯ ಪಕ್ಕ ನಾಲ್ಕು ಸಾಲು ಮುಸುಕಿನ ಜೋಳ. ಊರ ಆಸ್ಪತ್ರೆಯ ಅಡುಗೆಮನೆಗೆ ತರಕಾರಿ ಹೋಗುತ್ತಿದ್ದುದು ಇವಳ ತೋಟದಿಂದಲೇ. ಅಷ್ಟು ವರ್ಷವೂ ಅವಳು ನಂಬಿದ್ದು ಚೀಲದ ಗೊಬ್ಬರವನ್ನು. ಮೊದಮೊದಲು ಗಿಡಗಳು ಕಡುಹಸಿರಾಗಿ ನುಗ್ಗಿ ಬಂದವು. ಬರಬರುತ್ತಾ ಮಣ್ಣು ಹೆಂಚಿನಂತಾಯಿತು. ಮಳೆ ಬಿದ್ದರೆ ನೀರು ಒಳಗಿಳಿಯದೆ ಮೇಲೆಯೇ ನಿಲ್ಲುತ್ತಿತ್ತು. ಬಿಸಿಲು ಬಂದರೆ ಬಿರುಕು ಬಿಡುತ್ತಿತ್ತು. ಗೊಬ್ಬರ ಹೆಚ್ಚಿಸಿದರೂ ಕಾಯಿ ಹೆಚ್ಚಲಿಲ್ಲ.

ಅಕ್ಕ ಬಂದಾಗಲೆಲ್ಲ ಹೆಂಟೆಯೊಂದನ್ನು ಎತ್ತಿಕೊಂಡು ಅಂಗೈಯಲ್ಲಿ ಒಡೆಯಲು ನೋಡುವಳು. ಒಡೆಯದಿದ್ದರೆ ತಂಗಿಯ ಕಾಲ ಬುಡಕ್ಕೆ ಎಸೆಯುವಳು.

“ನೀನು ಮಣ್ಣಿಗೆ ಬರೀ ಟಾನಿಕ್ ಕುಡಿಸ್ತಿದ್ದೀಯ ಪುಟ್ಟೀ, ಊಟ ಹಾಕ್ತಿಲ್ಲ. ಟಾನಿಕ್ ಕುಡಿದೇ ಯಾರಾದ್ರೂ ಬದುಕಿದ್ದು ಕಂಡಿದ್ದೀಯಾ?”

ತಂಗಿ ಆಗಲಿ ನೋಡೋಣ ಎಂದು ಮಾತು ಹಾರಿಸುವಳು. ಅಕ್ಕನದು ಒಂದೇ ರಾಗ ಎಂದು ಗಂಡನೆದುರು ಗೊಣಗುವಳು. ಆದರೆ ಒಂದು ವರ್ಷ ಬದನೆ ಸಾಲು ಪೂರ್ತಿ ಸೊರಗಿದಾಗ ಅವಳಿಗೂ ಸಾಕೆನಿಸಿತು. ನಿನ್ನ ಗೊಬ್ಬರವನ್ನೇ ಕಳಿಸು ಎಂದು ತಾನಾಗಿ ಹೇಳಿದಳು.

ಅಕ್ಕನ ಸಂಭ್ರಮ ಹೇಳತೀರದು. ಆಗಷ್ಟೇ ಮಂಡಿಯ ಆಪರೇಷನ್ ಆಗಿ ಕೋಲು ಹಿಡಿದಿದ್ದಳು. ಆದರೂ ಗುಂಡಿಯ ಬಳಿ ನಿಂತು, ಸಗಣಿ, ಒಣಹುಲ್ಲು, ಉದುರೆಲೆಗಳನ್ನು ಪದರ ಪದರವಾಗಿ ಹಾಕಿಸಿದಳು. ನೀರು ಚಿಮುಕಿಸಿದಳು, ಮಗುಚಿಸಿದಳು, ಒಳಗಿನ ಬಿಸಿಯನ್ನು ಕೈಯಿಟ್ಟು ನೋಡಿದಳು. ತಿಂಗಳುಗಟ್ಟಲೆ ಕಳಿತ ಮೇಲೆ ಗೊಬ್ಬರ ಕಾಫಿಪುಡಿಯಂತೆ ಉದುರುದುರಾಗಿ, ಕಪ್ಪಗಾಗಿ ಹೊರಬಂತು. ತಂಗಿಯ ಗಂಡ ಅದನ್ನು ಲಾರಿಯಲ್ಲಿ ಹೇರಿ ತಂದ. ಅಕ್ಕ ಅವನ ಪಕ್ಕದ ಸೀಟಿನಲ್ಲಿ ದಿಬ್ಬಣದ ಹಿರಿಯಳಂತೆ ಕೂತು ಬಂದು, ಯಾವ ಪಾತಿಗೆ ಎಷ್ಟು ಎಂದು ಕೋಲಿನಿಂದ ತೋರಿಸುತ್ತಾ ಹಾಕಿಸಿದಳು. ತಂಗಿ ಒಂದು ಹಿಡಿ ತೆಗೆದುಕೊಂಡಳು. ಅದರಲ್ಲಿ ಎರೆಹುಳು ಮಿಸುಕುತ್ತಿತ್ತು.

“ಬಂಗಾರ ಅಕ್ಕ ಇದು” ಅಂದಳು. ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು, ಅಷ್ಟೇ.

ಹುರುಳಿಕಾಯಿ ಬೀಜ ಚೆನ್ನಾಗಿಯೇ ಮೊಳೆಯಿತು. ಆದರೆ ಎರಡನೆಯ ಜೋಡಿ ಎಲೆ ಬರುವಾಗಲೇ ಬಟ್ಟಲಿನಂತೆ ಮುದುರಿಕೊಂಡಿತು. ಟೊಮೇಟೊ ಕುಡಿಗಳು ಹಗ್ಗದಂತೆ ಹೊಸೆದುಕೊಂಡವು. ತಂಗಿ ರೋಗವೆಂದುಕೊಂಡು ಕಿತ್ತಳು, ಹುಳುವೆಂದುಕೊಂಡು ಔಷಧಿ ಹೊಡೆದಳು, ನೀರು ಹೆಚ್ಚಾಯಿತೆಂದುಕೊಂಡು ಕಡಿಮೆ ಮಾಡಿದಳು. ಯಾವುದಕ್ಕೂ ಗಿಡ ತಲೆ ಎತ್ತಲಿಲ್ಲ. ಅದೇ ಗೊಬ್ಬರ ಹಾಕಿದ್ದ ಬೇಲಿ ಬದಿಯ ಜೋಳ ಮಾತ್ರ ಏನೂ ಆಗಿಲ್ಲವೆಂಬಂತೆ ಆಳೆತ್ತರ ನಿಂತಿತ್ತು. ಗೊಬ್ಬರ ಸಾಲದೆ ಹಾಗೇ ಬಿಟ್ಟಿದ್ದ ಮೂಲೆಯ ಪಾತಿಯಲ್ಲಿ ಹುರುಳಿಕಾಯಿ ಗಿಡ ಹೂ ಬಿಟ್ಟಾಗ ಅವಳಿಗೆ ಅನುಮಾನ ಉಳಿಯಲಿಲ್ಲ. ಅಷ್ಟರಲ್ಲಿ ಆಸ್ಪತ್ರೆಯವರು ಬೇರೆ ಕಡೆ ತರಕಾರಿ ಗೊತ್ತುಮಾಡಿಕೊಂಡಿದ್ದರು.

ಆ ಸುದ್ದಿ ಬಂದ ದಿನವೇ ತಂಗಿ ದಾಪುಗಾಲು ಹಾಕುತ್ತಾ ಅಕ್ಕನ ಮನೆಗೆ ಹೋದಳು. ಹಾಲಿನ ಹೊತ್ತು. ಜಗಲಿಯ ಮುಂದೆ ಜನ ಪಾತ್ರೆ ಹಿಡಿದು ನಿಂತಿದ್ದರು. ಅವರ ಎದುರಿಗೇ ಹೇಳಿದಳು:

“ವಿಷ ಹಾಕಿಬಿಟ್ಟೆಯಲ್ಲ ಅಕ್ಕ ನನ್ನ ತೋಟಕ್ಕೆ. ನಾನು ನಿನ್ನ ಮಾತು ಕೇಳದೆ ಚೆನ್ನಾಗಿದ್ದಿದ್ದು ನಿನಗೆ ಸಹಿಸಲಿಲ್ಲ, ಅಲ್ವಾ?”

ಕೊನೆಯ ಮಾತು ಬಾಯಿಂದ ಹೊರಬೀಳುವಾಗಲೇ ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಆದರೆ ಆಡಿದ ಮಾತು, ಒಡೆದ ಮುತ್ತು. ಅಕ್ಕ ಮುಂದಿದ್ದ ಮುದುಕನ ಪಾತ್ರೆಗೆ ಹಾಲು ಹೊಯ್ದಳು. ಅರ್ಧ ನೆಲಕ್ಕೆ ಚೆಲ್ಲಿತು.

ಆಮೇಲೆ ಅಕ್ಕ ಒಬ್ಬಳೇ ಕೂತು ಲೆಕ್ಕ ಹಾಕಿದಳಂತೆ. ಆ ವರ್ಷ ಹಸುಗಳಿಗೆ ಜಂತುಹುಳುವಿನ ಮಾತ್ರೆ ಕೊಟ್ಟಿದ್ದಳು. ಅದೇ ಸಗಣಿಗಿಳಿದು ಮಣ್ಣನ್ನು ಕೆಡಿಸಿರಬೇಕು, ತಪ್ಪು ತನ್ನದೇ ಎಂದು ತೀರ್ಮಾನಿಸಿಬಿಟ್ಟಳು. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ಈ ಒಂದು ವಿಷಯವನ್ನು ಯಾರ ಬಳಿಯೂ ಕೇಳಲಿಲ್ಲ. ಒಂದೊಂದಾಗಿ ಹಸುಗಳನ್ನು ಮಾರಿದಳು. ಕೈಯಾರೆ ಹಾಲು ಕುಡಿಸಿ ಬೆಳೆಸಿದ್ದ ಕಪ್ಪಿ ಕೊನೆಗೆ ಹೋಯಿತು. ಅದು ಗಾಡಿ ಹತ್ತಲೊಲ್ಲದೆ ಕಾಲು ಊರಿತಂತೆ. ಅಕ್ಕ ತಾನೇ ಮುಂದೆ ನಡೆದು ಹತ್ತಿಸಿದಳಂತೆ. ಗಂಡ ಬಂದು ಇದನ್ನು ಹೇಳಿದಾಗ ತಂಗಿ ಸೊಪ್ಪು ಬಿಡಿಸುತ್ತಿದ್ದಳು. ಮಾರಲಿ ಬಿಡಿ ಅಂದಳು. ಅವನು ಅವತ್ತು ತಮಾಷೆ ಮಾಡಲಿಲ್ಲ.

ಅವನೇ ಒಂದು ದಿನ ತೋಟದ ಮಣ್ಣನ್ನು ಕಟ್ಟಿಕೊಂಡು ಮಣ್ಣು ಪರೀಕ್ಷೆಯ ಕಚೇರಿಗೆ ಹೋದ. ಸಾರ, ಕಸುವು ಎಲ್ಲ ಮೊದಲಿಗಿಂತ ಚೆನ್ನಾಗಿದೆ ಎಂದು ಬಂತು. ಹಾಗಾದರೆ ಗಿಡ ಯಾಕೆ ಮುರುಟಿತು? ಪರೀಕ್ಷೆ ಮಾಡುವ ಹೆಂಗಸು ತೋಟಕ್ಕೇ ಬಂದು, ಎಲೆಗಳನ್ನು ನೋಡಿ, ಜೋಳದ ಕಡೆಗೊಮ್ಮೆ ನೋಡಿ, ಹಸುಗಳು ಏನು ತಿಂದಿದ್ದವು ಎಂದು ಕೇಳಿದಳು. ಡ್ರೈವರಿಗೆ ಅದು ಗೊತ್ತಿತ್ತು. ಮಂಡಿನೋವಿನಿಂದಾಗಿ ಅಕ್ಕನಿಗೆ ಆ ವರ್ಷ ಹುಲ್ಲು ಕೊಯ್ಯಲಾಗಿರಲಿಲ್ಲ. ದೊಡ್ಡ ಜಮೀನೊಂದರಿಂದ ಒಣಹುಲ್ಲು ಕೊಂಡು ತಂದುಕೊಟ್ಟವನು ಅವನೇ.

ಆ ಹೆಂಗಸು ಕುಂಡಗಳಲ್ಲಿ ಹುರುಳಿಕಾಯಿ ಬೀಜ ಹಾಕಿಸಿ ನೋಡಿದಳು. ಅಕ್ಕನ ಕೊಟ್ಟಿಗೆಯ ಅಟ್ಟದಲ್ಲಿ ಉಳಿದಿದ್ದ ಹುಲ್ಲನ್ನು ಕತ್ತರಿಸಿ ಬೆರೆಸಿದ ಕುಂಡದಲ್ಲೂ ಎಲೆ ಮುದುರಿತು. ಆ ಜಮೀನಿನವರು ಹುಲ್ಲಿಗೆ ಕಳೆನಾಶಕ ಹೊಡೆದಿದ್ದರು. ಅಗಲ ಎಲೆಯ ಗಿಡಗಳನ್ನು ಮಾತ್ರ ಕೊಲ್ಲುವ ಔಷಧಿ. ಹುಲ್ಲಿಗಾಗಲಿ, ಹುಲ್ಲಿನ ಜಾತಿಯ ಜೋಳಕ್ಕಾಗಲಿ, ಹಸುವಿಗಾಗಲಿ ಏನೂ ಮಾಡದು. ಹಸುವಿನ ಹೊಟ್ಟೆಯಲ್ಲೂ ಕರಗದೆ, ಗುಂಡಿಯಲ್ಲೂ ಕೊಳೆಯದೆ ಗೊಬ್ಬರದ ಜೊತೆ ಬಂದುಬಿಟ್ಟಿತ್ತು. ಮಣ್ಣು ಸತ್ತಿಲ್ಲ, ಆಗಾಗ ಅಗೆದು ಗಾಳಿಯಾಡಿಸಿ, ತೇವ ಆರಲು ಬಿಡಬೇಡಿ, ಒಂದೆರಡು ವರ್ಷ ಜೋಳ ಬೆಳೆಯಿರಿ, ಮಣ್ಣಿನ ಜೀವಗಳೇ ಅದನ್ನು ತಿಂದು ಮುಗಿಸುತ್ತವೆ ಎಂದು ಅವಳು ಹೇಳಿಹೋದಳು.

ತಂಗಿ ಅಂದೇ ಅಕ್ಕನ ಮನೆಗೆ ಹೋದಳು. ಕೊಟ್ಟಿಗೆ ತೊಳೆದು ಒಣಗಿತ್ತು. ಒಳಗೆ ಅಕ್ಕ ಮಂಚದ ತುದಿಯಲ್ಲಿ ಕೂತು ಹಳೆಯ ಸೀರೆಯ ಅಂಚು ಹೊಲಿಯುತ್ತಿದ್ದಳು. ತಂಗಿ ನಿಂತಲ್ಲೇ ನಿಂತು, ಹುಲ್ಲಿನ ಕಥೆಯನ್ನೆಲ್ಲ ಹೇಳಿದಳು.

“ನಿನ್ನಿಂದ ಏನೂ ಕೆಟ್ಟಿರಲಿಲ್ಲಕ್ಕ. ಮಾತ್ರೆಯಿಂದ ಅಲ್ಲ, ಹಸುಗಳಿಂದ ಅಲ್ಲ.”

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಆಮೇಲೆ ಕೇಳಿದಳು:

“ಹಾಗಾದ್ರೆ ಕಪ್ಪಿನ ಯಾಕೆ ಮಾರಿದೆ ನಾನು?”

ಬೈದಿದ್ದರೆ ಚೆನ್ನಾಗಿತ್ತು. ತಂಗಿ ಅವಳ ಕಾಲ ಬಳಿ ಕೂತು, ತಪ್ಪಾಯ್ತು ಎಂದಳು. ಅಕ್ಕ ಅವಳ ತಲೆ ಸವರಿ, ಊಟ ಮಾಡಿದ್ಯಾ ಎಂದು ಕೇಳಿದಳು.

ಗಂಡ ಹೆಂಡತಿ ಇಬ್ಬರೂ ಕಪ್ಪಿಯನ್ನು ಹುಡುಕಿಕೊಂಡು ಹೊರಟರು. ಕೊಂಡವನು ದಲ್ಲಾಳಿಗೆ ಕೊಟ್ಟಿದ್ದ. ದಲ್ಲಾಳಿ ಯಾವುದೋ ಸಂತೆಯಲ್ಲಿ ಕೈ ಬದಲಿಸಿದ್ದ. ಕಪ್ಪು ಹಸುಗಳನ್ನು ಬಹಳ ನೋಡಿದರು. ಕಪ್ಪಿ ಸಿಗಲಿಲ್ಲ. ಬೇರೆ ಹಸು ಕಟ್ಟೋಣವೆಂದರೆ ಅಕ್ಕ ಬೇಡವೆಂದಳು.

ತೋಟ ಚೇತರಿಸಿಕೊಂಡಿತು. ಜೋಳದ ದಂಟನ್ನು ಮಣ್ಣಿಗೇ ಸೇರಿಸಿದರು, ಉದುರೆಲೆ ಹಾಸಿದರು. ಈಗ ಮಳೆಯ ನೀರು ಒಳಗಿಳಿಯುತ್ತದೆ; ಹೆಂಟೆ ಅಂಗೈಯಲ್ಲಿ ಪುಡಿಯಾಗುತ್ತದೆ. ಹುರುಳಿಕಾಯಿ ಗಿಡ ಮತ್ತೆ ನೆಟ್ಟಗೆ ಏಳುತ್ತಿದೆ. ಅಕ್ಕನೂ ಆಗಾಗ ಬರುತ್ತಾಳೆ. ಬೇಲಿಯ ಬಳಿ ಬಿದ್ದ ಎಲೆಗಳನ್ನು ಸೆರಗಿಗೆ ತುಂಬಿಕೊಂಡು ಪಾತಿಯ ಅಂಚಿಗೆ ಬಂದು ನಿಲ್ಲುತ್ತಾಳೆ.

“ಹಾಕ್ಲಾ?” ಎಂದು ಕೇಳುತ್ತಾಳೆ.

ಕೇಳಬೇಡಕ್ಕ, ನಿನಗೆ ತಿಳಿದ ಹಾಗೆ ಹಾಕು ಎಂದು ತಂಗಿ ಎಷ್ಟೋ ಸಲ ಹೇಳಿದ್ದಾಳೆ. ಅಕ್ಕ ಆಗಲಿ ಎಂದು ತಲೆಯಾಡಿಸಿ, ಬಗ್ಗಿ, ಎಲೆಗಳನ್ನು ಹರಡುತ್ತಾಳೆ. ಮುಂದಿನ ಪಾತಿಗೆ ಹೋದಾಗ ಮತ್ತೆ ನಿಂತು, ತಂಗಿಯ ಮುಖ ನೋಡುತ್ತಾಳೆ.