ಪೆನ್ಸಿಲಮ್ಮನಿಗೆ ಹೇಳಿದ್ದು

ಗಂಡ ನಕ್ಕದ್ದು ಕೇಳಿ ಅವಳಿಗೆ ಮೈ ಉರಿಯಿತು. ಸಾಲದ ಮಾತಾಡಲು ಬಂದ ಜಾಗದಲ್ಲಿ, ಬೇರೊಬ್ಬ ಹೆಂಗಸಿನ ಮೇಜಿನ ಮುಂದೆ, ಅವನು ತಲೆ ಹಿಂದಕ್ಕೆ ವಾಲಿಸಿ ನಗುತ್ತಿದ್ದ. ಮನೆಯಲ್ಲಿ ಅವನ ಹಲ್ಲು ಕಂಡು ಎಷ್ಟು ಕಾಲವಾಗಿತ್ತೋ.

ಆ ಹೆಂಗಸು ಸಾಲದ ಸಲಹೆಗಾರ್ತಿ. ಕಂತು ಕಟ್ಟಲಾಗದೆ ಒದ್ದಾಡುವವರನ್ನು ಕೂರಿಸಿಕೊಂಡು ದಾರಿ ಹೇಳುವುದು ಆಕೆಯ ಕೆಲಸ. ಕಿವಿಯ ಮೇಲೆ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಆಕೆಗೆ ಅವಳು ಮನಸ್ಸಿನಲ್ಲೇ ಪೆನ್ಸಿಲಮ್ಮ ಎಂದು ಹೆಸರಿಟ್ಟುಬಿಟ್ಟಿದ್ದಳು. ಹಿಂದಿನ ಭೇಟಿಗಳಿಗೆ ಗಂಡ ಒಬ್ಬನೇ ಬಂದಿದ್ದ. ಈ ಸಲ ಅವಳು ಹಟ ಹಿಡಿದು ಜೊತೆಗೆ ಬಂದಿದ್ದಳು.

"ಎಲ್ಲಾ ಸಾಲಾನೂ ಸೇರಿಸಿ ಒಂದೇ ಕಂತು ಮಾಡಿಸ್ತೀನಿ. ಬಡ್ಡಿ ಇಳಿಸಿ ಅಂತ ಬ್ಯಾಂಕುಗಳ ಹತ್ರ ನಾನೇ ಮಾತಾಡ್ತೀನಿ," ಎಂದಳು ಪೆನ್ಸಿಲಮ್ಮ. "ನಿಮ್ಮ ಅಂಗಡಿ, ಹೊಲಿಗೆ ಮೆಷಿನ್, ವ್ಯಾನ್ ಯಾವುದೂ ಕೈಬಿಟ್ಟು ಹೋಗಲ್ಲ. ಆದ್ರೆ ನಾಲ್ಕು ವರ್ಷ ಹೊಸ ಸಾಲ ಮಾಡೋ ಹಾಗಿಲ್ಲ. ಪ್ರತಿ ತಿಂಗಳು ಇಲ್ಲಿಗೆ ಬರಬೇಕು."

ಪ್ರತಿ ತಿಂಗಳು. ನಾಲ್ಕು ವರ್ಷ. ಅವಳ ತಲೆಯಲ್ಲಿ ಉಳಿದದ್ದು ಅಷ್ಟೇ.

ಹೊರಡಲು ಏಳುವಾಗ ಪೆನ್ಸಿಲಮ್ಮ ಗಂಡನ ಕಡೆ ತಿರುಗಿ, "ವ್ಯಾನಲ್ಲಿ ಕೂತ್ಕೊಳ್ಳೋದು ಈಗ ಕಡಿಮೆ ಆಯ್ತಾ ಸಾರ್?" ಎಂದು ಕೇಳಿದಳು. ಅವನು ಹೂಂಗುಟ್ಟಿ ಬಾಗಿಲ ಕಡೆ ಸರಿದ.

ಬೀದಿಗೆ ಇಳಿಯುವವರೆಗೂ ಅವಳು ತಡೆದುಕೊಂಡಳು.

"ಏನ್ರೀ ಅದು, ವ್ಯಾನಲ್ಲಿ ಕೂತ್ಕೊಳ್ಳೋದು?"

"ಏನಿಲ್ಲ ಕಣೇ. ಮನೆ ಮುಂದೆ ಬಂದ್ಮೇಲೆ ಇಳಿಯೋಕೆ ಮನಸ್ಸಾಗಲ್ಲ. ಇಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಸುಮ್ನೆ ಕೂತಿರ್ತೀನಿ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋ ಅಂಥದ್ದೇನಿದೆ ಅದ್ರಲ್ಲಿ?"

"ಅವಳಿಗೆ ಹೇಳೋ ಅಂಥದ್ದಿತ್ತಲ್ಲ!"

ಹಳೇ ಸೋಫಾಗಳಿಗೆ ಹೊಸ ಮೈ ಹಾಕಿಕೊಡುವ ಅಂಗಡಿ ಅವರದು. ಅವನು ಹರಿದ ಬಟ್ಟೆ ಕಿತ್ತು, ಸ್ಪ್ರಿಂಗ್ ಬಿಗಿದು, ಫೋಮ್ ಕೂರಿಸುತ್ತಾನೆ. ಅವಳು ಕವರ್ ಹೊಲಿಯುತ್ತಾಳೆ. ದಪ್ಪ ಚರ್ಮವನ್ನೂ ಬೆಣ್ಣೆಯಂತೆ ಹೊಲಿಯುವ ಮೆಷಿನ್ ಅವಳದೇ, ಮದುವೆಗೆ ಮುಂಚೆ ಸ್ವಂತ ದುಡಿಮೆಯಲ್ಲಿ ಕೊಂಡದ್ದು. ಆ ಮಧ್ಯಾಹ್ನ ಅದರ ಮುಂದೆ ಕೂತರೂ ಕೈ ಓಡಲಿಲ್ಲ. ಗಂಡ ಯಾರನ್ನೋ ಮೆಚ್ಚಿಕೊಂಡಿದ್ದರೆ ಏನು ಮಾಡಬೇಕೆಂದು ಗೊತ್ತಿತ್ತು: ಕೂಗಾಡಬಹುದು, ಅಕ್ಕನಿಗೆ ಫೋನ್ ಮಾಡಿ ಅಳಬಹುದು. ಇದಕ್ಕೆ ಏನೆನ್ನುವುದು? ಅವನು ಯಾರ ಕೈಯನ್ನೂ ಹಿಡಿದಿರಲಿಲ್ಲ. ತನ್ನ ಭಯವನ್ನು ಮಾತ್ರ ಇನ್ನೊಬ್ಬಳ ಮೇಜಿನ ಮೇಲೆ ಸುರಿದು ಬಂದಿದ್ದ. ಇವಳ ಪಾಲಿಗೆ ಉಳಿದದ್ದು 'ಊಟ ಆಯ್ತಾ', 'ದಾರ ತರ್ಲಾ'.

"ರೀ, ಕೋರ್ಟಲ್ಲಿ ದಿವಾಳಿ ಅರ್ಜಿ ಹಾಕಿಬಿಡೋಣ," ಎಂದಳು.

ಅವನು ಫೋಮ್ ಕತ್ತರಿಸುವುದನ್ನು ನಿಲ್ಲಿಸಿದ. "ಪಾಪರ್ ಅನ್ನಿಸ್ಕೊಳ್ಳೋದಕ್ಕಿಂತ ಸಾಯೋದು ವಾಸಿ ಅಂದಿದ್ದು ಯಾರು?"

"ನಾನೇ. ಈಗ ಹಾಕೋಣ ಅಂತಿರೋಳೂ ನಾನೇ. ಯಾಕೆ, ನಿಮ್ ಮೇಡಂ ಮುಖ ನೋಡ್ದೆ ತಿಂಗಳು ಕಳೆಯಲ್ವಾ?"

"ಅವರನ್ನ ಯಾಕೆ ಎಳೀತೀಯಾ ಮಧ್ಯಕ್ಕೆ?"

"ನೋಡಿ, ಹೆಸರೆತ್ತಿದ್ರೆ ಸಾಕು, ಮುಖ ಕೆಂಪಗಾಗುತ್ತೆ."

"ಫೋಮಿನ ಧೂಳು ಕಣೇ, ಅಲರ್ಜಿ!"

ಆ ವಾರವೇ ಅವನನ್ನು ವಕೀಲರ ಬಳಿ ಎಳೆದುಕೊಂಡು ಹೋದಳು. ವಕೀಲರು ವಯಸ್ಸಾದವರು, ಸುತ್ತಿ ಬಳಸಿ ಮಾತಾಡುವವರಲ್ಲ. "ಅರ್ಜಿ ಹಾಕಿದ್ರೆ ಸಾಲದ ಕಾಟ ಬೇಗ ಮುಗಿಯುತ್ತಮ್ಮ. ಸಣ್ಣಪುಟ್ಟ ಸಾಮಾನು ನಿಮಗೇ ಬಿಡ್ತಾರೆ. ಆ ಹೊಲಿಗೆ ಮೆಷಿನ್ ಬೆಲೆ ಬಾಳೋದು, ಮಾರಬೇಕಾಗುತ್ತೆ. ವ್ಯಾನೂ ಅಷ್ಟೇ. ಆಮೇಲೆ ಎಷ್ಟೋ ವರ್ಷ ರೆಕ್ಸಿನ್ ಅಂಗಡಿಯವನೂ ನಿಮಗೆ ಕಡ ಕೊಡಲ್ಲ."

ವ್ಯಾನೂ ಹೋಗುತ್ತದೆ ಎಂದಾಗ ಅವಳಿಗೆ ಒಳಗೊಳಗೇ ತಂಪಾಯಿತು. ಇನ್ನು ಎಲ್ಲಿ ಕೂರುತ್ತಾನೋ ನೋಡೋಣ.

"ಹೋಗ್ಲಿ ಬಿಡಿ ಸಾರ್. ಮೆಷಿನ್ನೂ ಹೋಗ್ಲಿ."

ಗಂಡ ತಟ್ಟನೆ ಅವಳ ಮುಖ ನೋಡಿದ. ವಕೀಲರು ಏನು ಕೇಳಿದರೂ ತಲೆಯಾಡಿಸಿದ ಅಷ್ಟೇ. ಬಾಯಿ ಹೊಲಿದುಕೊಂಡ, ಮನೆಯಲ್ಲಿರುವ ಅದೇ ಗಂಡ. ಇಲ್ಲಾದರೂ ಯಾರಿಗೂ ಏನೂ ಹೇಳುತ್ತಿಲ್ಲವಲ್ಲ ಎಂದು ಅವಳಿಗೆ ಸಮಾಧಾನ.

ಅರ್ಜಿಗೆ ಸಹಿ ಹಾಕುವ ಮೊದಲು ಪೆನ್ಸಿಲಮ್ಮನಿಗೆ ತಿಳಿಸಬೇಕಿತ್ತು. "ನನ್ನ ಕೈಲಾಗಲ್ಲ, ನೀನೇ ಹೇಳಿ ಬಾ," ಎಂದು ಅವನು ಆಕೆಯ ಕಚೇರಿಯ ಮೊಗಸಾಲೆಯ ಬೆಂಚಿನ ಮೇಲೆ ಕುಸಿದ. ಅವಳಿಗೂ ಬೇಕಾದದ್ದು ಅದೇ.

ಅಂದು ಪೆನ್ಸಿಲಮ್ಮನಿಗೆ ನೆಗಡಿ. ಮೂಗು ಊದಿತ್ತು, ಸ್ವೆಟರಿನ ಗುಂಡಿಯೊಂದು ದಾರದಲ್ಲಿ ಜೋತಾಡುತ್ತಿತ್ತು. ಹತ್ತಿರದಿಂದ ನೋಡಿದರೆ ತನಗಿಂತ ದೊಡ್ಡವಳೇ. ಅದೂ ಅವಳಿಗೆ ಹಿಡಿಸಲಿಲ್ಲ. ಚೆಲುವೆಯಾಗಿದ್ದರೆ ಬೈದುಕೊಳ್ಳುವುದು ಸುಲಭವಿತ್ತು.

"ನಾವು ದಿವಾಳಿ ಅರ್ಜಿ ಹಾಕ್ತಿದೀವಿ."

"ಹಾಕಬಹುದು. ಆದಾಯವೇ ಇಲ್ಲದವರಿಗೆ ನಾನೇ ಹಾಕಿ ಅಂತೀನಿ. ನಿಮಗೆ ಕೈತುಂಬ ಕೆಲಸ ಇದೆ." ಪೆನ್ಸಿಲಮ್ಮ ಒಮ್ಮೆ ಸೀನಿದಳು. "ಮೆಷಿನ್ ಮಾರಿದ ಮಾರನೇ ದಿನ, ಬೆಳಿಗ್ಗೆ ಎದ್ದು ಏನು ಮಾಡ್ತೀರಾ?"

ಯಾವುದಾದರೂ ಕಾರ್ಖಾನೆಯಲ್ಲಿ ಹೊಲಿಯುತ್ತೇನೆ ಎನ್ನಲು ಬಾಯಿ ತೆರೆದಳು. ಬಂದದ್ದು ಬೇರೆ.

"ಬ್ಯಾಂಕಿನವರು ಮನೆಗೆ ಫೋನ್ ಮಾಡ್ತಿದ್ರು. ರಾಂಗ್ ನಂಬರ್ ಅಂತ ಇಟ್ಬಿಡ್ತಿದ್ದೆ. ನಂಗೆ ಎಲ್ಲಾ ಗೊತ್ತಿತ್ತು. ನಮ್ಮನೆಯವರೇ ಬಾಯಿಬಿಟ್ಟು ಹೇಳ್ಲಿ ಅಂತ ಕಾದೆ. ಹೇಳ್ಲಿಲ್ಲ."

"ಆಮೇಲೆ?"

ಆಮೇಲೆ ನಿಲ್ಲಲೇ ಇಲ್ಲ. ಬಾಗಿಲು ಬಡಿದರೆ ಎದೆ ನಡುಗುವುದು, ಇನ್ನೊಬ್ಬರ ಕೈಕೆಳಗೆ ದುಡಿಯುವ ಹೆದರಿಕೆ, ಪಕ್ಕದಲ್ಲೇ ಇದ್ದೂ ಒಬ್ಬಳೇ ಆದದ್ದು, ವ್ಯಾನಿನ ಸುದ್ದಿ ಇಲ್ಲೇ ಮೊದಲು ಕಿವಿಗೆ ಬಿದ್ದದ್ದು. ಪೆನ್ಸಿಲಮ್ಮ ಸಮಾಧಾನ ಹೇಳಲಿಲ್ಲ, ಮೂಗೊರೆಸಿಕೊಳ್ಳುತ್ತಾ ಕೇಳಿದಳು. ಗಂಡ ಇಲ್ಲಿ ಯಾಕೆ ಬಾಯಿಬಿಟ್ಟನೆಂದು ಅವಳಿಗೆ ಅರ್ಥವಾಯಿತು. ಹಾಗೆಂದು ಹೊಟ್ಟೆಕಿಚ್ಚು ತಣ್ಣಗಾಗಲಿಲ್ಲ. ತಾನು ಇಷ್ಟು ವರ್ಷ ಅಡುಗೆ ಬಡಿಸಿ, ಜಗಳ ಕಾಯ್ದು ಪಡೆಯಲಾಗದ್ದನ್ನು ಈಕೆ ನೆಗಡಿ ಹಿಡಿದ ಮೂಗಿನಲ್ಲೇ ಪಡೆದುಬಿಡುತ್ತಾಳೆ!

"ಇದೆಲ್ಲ ಅವರಿಗೆ ಹೇಳಬೇಡಿ," ಎಂದಳು ಕೊನೆಗೆ.

"ಹೇಳಲ್ಲ. ವ್ಯಾನಿನ ವಿಷಯ ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ. ಅದು ನನ್ನದೇ ತಪ್ಪು."

ಅವಳು ಮೇಜಿನ ಅಂಚನ್ನು ಬೆರಳಿನಿಂದ ಉಜ್ಜಿದಳು. "ಕಂತೇ ಕಟ್ತೀವಿ. ಮೆಷಿನ್ ಕೊಡಲ್ಲ. ಆದ್ರೆ ತಿಂಗಳು ತಿಂಗಳು ನಾನು ಬರ್ತೀನಿ. ಅವರು ಬೇಡ."

"ಇಬ್ಬರೂ ಬರಬೇಕಮ್ಮ."

ಹೊರಗೆ ಗಂಡ ಬೆಂಚು ಬಿಟ್ಟು ಬಾಗಿಲಿಗೇ ಬಂದು ನಿಂತಿದ್ದ. "ಒಂದು ಮಾತು ಹೇಳೋಕೆ ಇಷ್ಟೊತ್ತಾ?"

"ಅರ್ಜಿ ಹಾಕ್ತಿಲ್ಲ. ಕಂತು ಕಟ್ಟೋಣ."

ಅವನು ಗೋಡೆಗೆ ಕೈ ಊರಿ ಉಸಿರುಬಿಟ್ಟ. ಆದರೂ ಸುಮ್ಮನಾಗಲಿಲ್ಲ. "ಮತ್ತೆ ಏನು ಮಾತಾಡಿದ್ರಿ? ನನ್ನ ಸುದ್ದಿ ಬಂತಾ?" ಮೆಟ್ಟಿಲಿಳಿಯುವಾಗ ಮತ್ತೊಮ್ಮೆ ಕೇಳಿದ. ಆ ದನಿಯಲ್ಲಿದ್ದ ಉರಿ ಅವಳಿಗೆ ಚೆನ್ನಾಗಿ ಪರಿಚಯವಿತ್ತು. ತುಸು ಹೊತ್ತು ಅದನ್ನು ಸವಿದಳು.

"ನೀವೊಂದು ಹೇಳಿ, ನಾನೊಂದು ಹೇಳ್ತೀನಿ."

ಅವನು ಕಂಬಿ ಹಿಡಿದು ನಿಂತ. "ಅವತ್ತು ವಕೀಲರ ಹತ್ರ ಮೆಷಿನ್ ಹೋಗ್ಲಿ ಅಂದ್ಯಲ್ಲ. ಮೆಷಿನ್ನೇ ಬೇಡ ಅಂದೋಳು ನನ್ನನ್ನ ಇಟ್ಕೋತಾಳಾ ಅನ್ನಿಸಿತ್ತು."

ಅವಳು ಅವನು ನಿಂತ ಮೆಟ್ಟಿಲಿಗೇ ಬಂದಳು. "ಇದನ್ನ ಅವಳಿಗೆ ಹೇಳಿದ್ರಾ?"

"ಯಾವಾಗ ಹೇಳ್ಲಿ? ಇವತ್ತು ಒಳಗೆ ಕೂತಿದ್ದು ನೀನು."

"ಹೇಳಬೇಡಿ," ಎಂದಳು. "ಇದು ನಂದು."